ಹೆಡ್‌ಸೆಟ್ (ಸೈಕಲ್)

ಹೆಡ್‌ಸೆಟ್ ಎಂಬುದು ಸೈಕಲ್ಲಿನ ಮುಂಭಾಗದ ಫೋರ್ಕನ್ನು ಚೌಕಟ್ಟಿಗೆ ಜೋಡಿಸಿ, ಫೋರ್ಕ್ ಮತ್ತು ಹ್ಯಾಂಡಲ್ ಎಡಬಲಕ್ಕೆ ಸರಾಗವಾಗಿ ತಿರುಗುವಂತೆ ಮಾಡುವ ಬೇರಿಂಗುಗಳ ಜೋಡಣೆಯಾಗಿದೆ. ಚೌಕಟ್ಟಿನ ಮುಂತುದಿಯಲ್ಲಿರುವ ಗಿಡ್ಡ ಕೊಳವೆಯನ್ನು ಹೆಡ್ ಟ್ಯೂಬ್ ಎಂದೂ, ಅದರೊಳಗೆ ಹಾದುಹೋಗುವ ಫೋರ್ಕಿನ ಮೇಲ್ಭಾಗದ ಕೊಳವೆಯನ್ನು ಸ್ಟೀರರ್ ಎಂದೂ ಕರೆಯುತ್ತಾರೆ. ಹೆಡ್ ಟ್ಯೂಬಿನ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ ಒಂದೊಂದು ಬೇರಿಂಗ್ ಇರುತ್ತದೆ. ಸೈಕಲ್ ದುರಸ್ತಿ ಅಂಗಡಿಗಳಲ್ಲಿ ಈ ಜೋಡಣೆಯನ್ನು ಬಾಲ್ ರೇಸ್ ಅಥವಾ ಕೋನ್ ಸೆಟ್ ಎಂದೂ ಹೇಳುವುದುಂಟು.

ಸವೆದ ಅಥವಾ ಸಡಿಲವಾದ ಹೆಡ್‌ಸೆಟ್ ಸವಾರಿಯ ಸುರಕ್ಷತೆಯನ್ನು ನೇರವಾಗಿ ಬಾಧಿಸುತ್ತದೆ. ದ್ವಿಚಕ್ರ ವಾಹನದ ಸಮತೋಲನವು ಮುಂಗಾಲಿಯ ನಿರಂತರವಾದ ಅತಿ ಸೂಕ್ಷ್ಮ ತಿರುವುಗಳಿಂದ ಉಳಿದುಬರುವುದರಿಂದ, ಆ ತಿರುವಿಗೆ ಅಡ್ಡಿಯಾದಾಗ ಸೈಕಲ್ಲನ್ನು ನೇರವಾಗಿ ನಡೆಸುವುದೇ ಪ್ರಯಾಸವಾಗುತ್ತದೆ. ಸಡಿಲಿಕೆಯನ್ನು ಬಹುಕಾಲ ಕಡೆಗಣಿಸಿದರೆ ಬೇರಿಂಗಿನ ಜೊತೆಗೆ ಹೆಡ್ ಟ್ಯೂಬ್ ಮತ್ತು ಸ್ಟೀರರ್ ಕೂಡ ಹಾಳಾಗಬಹುದು.

ರಚನೆ

ಹೆಡ್‌ಸೆಟ್‌ನ ಮುಖ್ಯ ಭಾಗಗಳು ಕೆಳಗಿನಿಂದ ಮೇಲಕ್ಕೆ ಹೀಗಿವೆ:

• ಕ್ರೌನ್ ರೇಸ್: ಫೋರ್ಕಿನ ಭುಜದ ಮೇಲೆ, ಸ್ಟೀರರಿನ ಬುಡದಲ್ಲಿ ಬಿಗಿಯಾಗಿ ಕೂರುವ ಬಳೆ.
• ಕೆಳಗಿನ ಬೇರಿಂಗ್ ಮತ್ತು ಕೆಳಗಿನ ಕಪ್: ಕಪ್ಪನ್ನು ಹೆಡ್ ಟ್ಯೂಬಿನ ಕೆಳತುದಿಗೆ ಒತ್ತಿ ಕೂರಿಸಲಾಗಿರುತ್ತದೆ.
• ಮೇಲಿನ ಕಪ್ ಮತ್ತು ಮೇಲಿನ ಬೇರಿಂಗ್.
• ಹೊಂದಿಕೆಯ ಭಾಗ: ಹಳೆಯ ಬಗೆಯಲ್ಲಿ ಇದು ಮರೆಯುಳ್ಳ, ಎಂದರೆ ಸ್ಕ್ರೂನಂತೆ ತಿರುಗುವ ರೇಸ್, ಹೊಸ ಬಗೆಯಲ್ಲಿ ಸೀಳಿರುವ ಒತ್ತುಬಳೆ.
• ಭದ್ರಪಡಿಸುವ ಭಾಗ: ಹಳೆಯ ಬಗೆಯಲ್ಲಿ ವಾಷರ್ ಮತ್ತು ಲಾಕ್‌ನಟ್, ಹೊಸ ಬಗೆಯಲ್ಲಿ ಸ್ಟೀರರನ್ನು ಹಿಡಿಯುವ ಸ್ಟೆಮ್.

ಬೇರಿಂಗುಗಳು ಮೂರು ರೂಪಗಳಲ್ಲಿ ದೊರೆಯುತ್ತವೆ. ಮೊದಲನೆಯದು ಕಪ್ಪಿನಲ್ಲಿ ಗ್ರೀಸ್ ತುಂಬಿ ಒಂದೊಂದಾಗಿ ಜೋಡಿಸುವ ಬಿಡಿ ಗುಂಡುಗಳು. ಎರಡನೆಯದು ತಗಡಿನ ಪಂಜರದಲ್ಲಿ ಹಿಡಿದಿಟ್ಟ ಗುಂಡುಗಳು. ಮೂರನೆಯದು ಗುಂಡು, ಒಳಬಳೆ, ಹೊರಬಳೆ ಮತ್ತು ಮುಚ್ಚಳಗಳು ಒಂದೇ ಘಟಕವಾಗಿರುವ ಕಾರ್ಟ್ರಿಜ್ ಬೇರಿಂಗ್. ಮೊದಲ ಎರಡರಲ್ಲಿ ಗುಂಡುಗಳು ಕಪ್ ಮತ್ತು ರೇಸಿನ ಮೇಲೆ ನೇರವಾಗಿ ಉರುಳುವುದರಿಂದ ಸವೆತವೂ ಅವುಗಳ ಮೇಲೆಯೇ ಆಗುತ್ತದೆ. ಕಾರ್ಟ್ರಿಜ್ ಬಗೆಯಲ್ಲಿ ಕಪ್ ಕೇವಲ ಆಸನವಾಗಿರುವುದರಿಂದ ಬಹುತೇಕ ಸಂದರ್ಭಗಳಲ್ಲಿ ಬೇರಿಂಗನ್ನು ಮಾತ್ರ ಬದಲಿಸಿದರೆ ಸಾಕಾಗುತ್ತದೆ.

ಇತಿಹಾಸ

ಸೈಕಲ್ಲಿಗೆ ಗುಂಡುಬೇರಿಂಗನ್ನು ಅಳವಡಿಸಿದ ಆರಂಭಿಕರಲ್ಲಿ ಪ್ಯಾರಿಸ್ಸಿನ ಜೂಲ್ ಸುರಿರೇ ಪ್ರಮುಖರು. ಅವರು 1869ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದೇ ವರ್ಷ ನವೆಂಬರಿನಲ್ಲಿ ನಡೆದ ಪ್ಯಾರಿಸ್–ರೂವಾನ್ ಸ್ಪರ್ಧೆಯನ್ನು ಜೇಮ್ಸ್ ಮೂರ್ ಗೆದ್ದದ್ದು ಇಂತಹ ಬೇರಿಂಗುಗಳಿದ್ದ ಸೈಕಲ್ಲಿನ ಮೇಲೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸುರಕ್ಷಾ ಸೈಕಲ್ಲಿನ ತರುವಾಯ ಎರಡು ಸಮಾನ ಗಾಲಿಗಳ ವಿನ್ಯಾಸ ನೆಲೆಗೊಂಡಿತು. ಹೆಡ್ ಟ್ಯೂಬಿನ ಎರಡು ತುದಿಗಳಲ್ಲಿ ಗುಂಡುಗಳ ಸಾಲು, ಮೇಲೆ ಮರೆಯಿಂದ ಬಿಗಿಯುವ ರೇಸ್ ಎಂಬ ಏರ್ಪಾಡು ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿನ ಎಲ್ಲೆಡೆ ರೂಢಿಯಲ್ಲಿತ್ತು.

ಭಾರತದಲ್ಲಿ 1949ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನದಲ್ಲಿ ಆರಂಭವಾದ ಹೀರೋ ಸೈಕಲ್ಸ್ ಮೊದಲಾದ ತಯಾರಕರು ಇಂಗ್ಲಿಷ್ ರೋಡ್‌ಸ್ಟರ್ ಮಾದರಿಯನ್ನು ಅನುಸರಿಸಿದರು. ಹಾಲಿನ ಕ್ಯಾನುಗಳನ್ನೂ ಹುಲ್ಲಿನ ಹೊರೆಯನ್ನೂ ಹೊರುವ ಸಾಮಾನ್ಯ ಕಪ್ಪು ಸೈಕಲ್ಲಿನಲ್ಲಿ ಇಂದಿಗೂ ಮರೆಯುಳ್ಳ ಹೆಡ್‌ಸೆಟ್ಟೇ ಬಳಕೆಯಲ್ಲಿದೆ.

ಅಮೆರಿಕದ ಜಾನ್ ರೇಡರ್ ಮರೆಯಿಲ್ಲದ ಹೆಡ್‌ಸೆಟ್‌ಗೆ 1992ರಲ್ಲಿ ಪೇಟೆಂಟ್ ಪಡೆದರು. ಡಯಾ-ಕಾಂಪ್ ಸಂಸ್ಥೆ ಇದನ್ನು ಅಹೆಡ್‌ಸೆಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಅಮೆರಿಕದ ಶಾಖೆಯೇ ಮುಂದೆ ಕೇನ್ ಕ್ರೀಕ್ ಎನಿಸಿತು. ಬೆಟ್ಟದ ಸೈಕಲ್ಲುಗಳಲ್ಲಿ ಮೊದಲು ಹರಡಿದ ಈ ವಿನ್ಯಾಸ ಬಳಿಕ ರಸ್ತೆ ಸೈಕಲ್ಲುಗಳಲ್ಲೂ ನೆಲೆಯೂರಿತು.

ಬಗೆಗಳು ಮತ್ತು ಅಳತೆಗಳು

ಮರೆಯುಳ್ಳ ಹೆಡ್‌ಸೆಟ್

ಈ ಬಗೆಯಲ್ಲಿ ಸ್ಟೀರರಿನ ಮೇಲ್ತುದಿಯ ಹೊರಮೈಯಲ್ಲಿ ಮರೆ ಕೊರೆದಿರುತ್ತದೆ. 1 ಅಂಗುಲದ ಸ್ಟೀರರಿನಲ್ಲಿ ಸಾಮಾನ್ಯವಾಗಿ ಅಂಗುಲಕ್ಕೆ 24 ಎಳೆಗಳು, 1⅛ ಅಂಗುಲದ ಸ್ಟೀರರಿನಲ್ಲಿ 26 ಎಳೆಗಳಿರುತ್ತವೆ. ಹಳೆಯ ರ‍್ಯಾಲಿ ಸೈಕಲ್ಲುಗಳ 1 ಅಂಗುಲದ ಸ್ಟೀರರಿನಲ್ಲಿ 26 ಎಳೆಗಳಿದ್ದವು. ಆದುದರಿಂದ ಹಳೆಯ ಸೈಕಲ್ಲಿಗೆ ಹೊಸ ಭಾಗ ಕೊಳ್ಳುವ ಮೊದಲು ಎಳೆಗಳನ್ನು ಎಣಿಸುವುದು ಅಗತ್ಯ. 1 ಅಂಗುಲದ ಗಾತ್ರದಲ್ಲಿಯೇ ಕ್ರೌನ್ ರೇಸಿನ ಆಸನ ಅಂತಾರಾಷ್ಟ್ರೀಯ ಮಾನಕದಂತೆ 26.4 ಮಿ.ಮೀ., ಜಪಾನೀ ಮಾನಕದಂತೆ 27.0 ಮಿ.ಮೀ. ಇರುತ್ತದೆ. ಕಣ್ಣಿಗೆ ಒಂದೇ ಎನಿಸುವ ಈ ಎರಡು ರೇಸುಗಳು ಒಂದರ ಬದಲು ಇನ್ನೊಂದು ಕೂರುವುದಿಲ್ಲ.

ಮರೆಯಿಲ್ಲದ ಹೆಡ್‌ಸೆಟ್

ಈ ಬಗೆಯಲ್ಲಿ ಸ್ಟೀರರಿನ ಹೊರಮೈ ನುಣುಪಾಗಿರುತ್ತದೆ. ಸ್ಟೆಮ್ ಸ್ಟೀರರನ್ನು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ. ಸಾಮಾನ್ಯ ವ್ಯಾಸ 1⅛ ಅಂಗುಲ, ಅಂದರೆ 28.6 ಮಿ.ಮೀ. ಇತ್ತೀಚಿನ ಅನೇಕ ಫೋರ್ಕುಗಳಲ್ಲಿ ಸ್ಟೀರರಿನ ಮೇಲ್ಭಾಗ 1⅛ ಅಂಗುಲವಿದ್ದು, ಬುಡದ ಕಡೆಗೆ ಅಗಲವಾಗುತ್ತಾ 1½ ಅಂಗುಲಕ್ಕೆ ತಲುಪುತ್ತದೆ. ಹೆಚ್ಚಿನ ಭಾರ ಕೆಳಗಿನ ಬೇರಿಂಗಿನ ಮೇಲೆ ಬೀಳುವುದೇ ಇದಕ್ಕೆ ಕಾರಣ.

ಅಳತೆಗಳ ಗೊಂದಲವನ್ನು ಕಡಿಮೆ ಮಾಡಲು ಕೇನ್ ಕ್ರೀಕ್ ಇತರ ತಯಾರಕರೊಡನೆ ಸೇರಿ ಒಂದು ಗುರುತಿನ ಪದ್ಧತಿಯನ್ನು ರೂಪಿಸಿತು. ಅದರಲ್ಲಿ ಎರಡು ಅಕ್ಷರಗಳು ಬಗೆಯನ್ನೂ, ಮುಂದಿನ ಸಂಖ್ಯೆ ಹೆಡ್ ಟ್ಯೂಬಿನ ಒಳವ್ಯಾಸವನ್ನೂ, ಓರೆಗೆರೆಯ ನಂತರದ ಸಂಖ್ಯೆ ಸ್ಟೀರರಿನ ಅಥವಾ ಕ್ರೌನ್ ರೇಸ್ ಆಸನದ ವ್ಯಾಸವನ್ನೂ ಸೂಚಿಸುತ್ತವೆ:

• ಇಸಿ: ಕಪ್ಪುಗಳು ಹೆಡ್ ಟ್ಯೂಬಿನ ಹೊರಗೆ ಕಾಣುವ ಬಗೆ. ಉದಾಹರಣೆ: ಇಸಿ34/28.6.
• ಝಡ್‌ಎಸ್: ಕಪ್ಪುಗಳು ಹೆಡ್ ಟ್ಯೂಬಿನೊಳಗೆ ಅಡಗಿ, ತೆಳುವಾದ ಅಂಚು ಮಾತ್ರ ಹೊರಗುಳಿಯುವ ಬಗೆ. ಉದಾಹರಣೆ: ಝಡ್‌ಎಸ್44/28.6.
• ಐಎಸ್: ಪ್ರತ್ಯೇಕ ಕಪ್ಪಿಲ್ಲದೆ, ಚೌಕಟ್ಟಿನಲ್ಲಿಯೇ ರೂಪಿಸಿದ ಆಸನದಲ್ಲಿ ಬೇರಿಂಗ್ ನೇರವಾಗಿ ಕೂರುವ ಬಗೆ. ಉದಾಹರಣೆ: ಐಎಸ್42/28.6, ಐಎಸ್52/40.

ಐಎಸ್ ಬಗೆಯಲ್ಲಿ ಬೇರಿಂಗನ್ನು ಕೈಯಿಂದಲೇ ತೆಗೆದು ಹಾಕಬಹುದು, ವಿಶೇಷ ಉಪಕರಣ ಬೇಕಾಗುವುದಿಲ್ಲ. ಆದರೆ ಸಡಿಲವಾಗಿ ಓಡಿಸಿದ್ದರಿಂದ ಆಸನವೇ ಸವೆದರೆ ಬದಲಿಸಲು ಕಪ್ ಇರುವುದಿಲ್ಲ. ನಷ್ಟ ಇಡೀ ಚೌಕಟ್ಟಿನದಾಗುತ್ತದೆ.

ಸವೆತದ ಕಾರಣಗಳು

ಹೆಡ್‌ಸೆಟ್‌ನ ಬೇರಿಂಗ್ ಉಳಿದ ಬೇರಿಂಗುಗಳಂತೆ ಪೂರ್ತಿ ಸುತ್ತುವುದಿಲ್ಲ. ಗಾಲಿಯ ಹಬ್ಬಿನಲ್ಲಿರುವ ಗುಂಡುಗಳು ಉರುಳುತ್ತಾ ಗ್ರೀಸನ್ನು ಮತ್ತೆ ಮತ್ತೆ ತಮ್ಮ ದಾರಿಗೆ ಎಳೆದುಕೊಳ್ಳುತ್ತವೆ. ಹೆಡ್‌ಸೆಟ್‌ನಲ್ಲಿ ಮಾತ್ರ ಗುಂಡುಗಳು ಗಂಟೆಗಟ್ಟಲೆ ಒಂದೇ ಸ್ಥಳದಲ್ಲಿ ನಿಂತು, ನೇರ ದಾರಿಯಲ್ಲಿ ಕೆಲವೇ ಡಿಗ್ರಿಗಳಷ್ಟು ಹೊರಳುತ್ತವೆ. ಜೊತೆಗೆ ರಸ್ತೆಯ ಪ್ರತಿಯೊಂದು ಉಬ್ಬಿನಲ್ಲೂ ಫೋರ್ಕ್ ಹಿಂದುಮುಂದಾಗಿ ಅತಿ ಸ್ವಲ್ಪ ಬಾಗುತ್ತದೆ. ಈ ಸೂಕ್ಷ್ಮ ಚಲನೆಯಿಂದ ಗುಂಡು ಮತ್ತು ರೇಸಿನ ನಡುವಿನ ಗ್ರೀಸ್ ಹೊರಕ್ಕೆ ತಳ್ಳಲ್ಪಟ್ಟು, ಲೋಹದ ಮೇಲೆ ಲೋಹ ಉಜ್ಜತೊಡಗುತ್ತದೆ. ಉಜ್ಜಿದ ಜಾಗದಲ್ಲಿ ಸಣ್ಣ ಕುಳಿಗಳು ಮೂಡುತ್ತವೆ.

ಗುಂಡುಗಳ ಸಂಖ್ಯೆಯಷ್ಟೇ ಕುಳಿಗಳು ಸಮಾನ ಅಂತರದಲ್ಲಿ ಕಾಣಿಸಿಕೊಳ್ಳುವುದರಿಂದ, ರಸ್ತೆಯ ಹೊಡೆತಕ್ಕೆ ಗುಂಡುಗಳು ರೇಸನ್ನು ಜಜ್ಜಿದುವೆಂದು ಬಹುಕಾಲ ಭಾವಿಸಲಾಗಿತ್ತು. ಹೊಡೆತದಿಂದ ಆಗುವ ಅಂತಹ ತಗ್ಗಿಗೆ, 1900ರಲ್ಲಿ ಗಡಸುತನದ ಪರೀಕ್ಷೆಯನ್ನು ರೂಪಿಸಿದ ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ ಅವರ ಹೆಸರಿನಿಂದ ಬ್ರಿನೆಲಿಂಗ್ ಎಂಬ ಹೆಸರು ಬಂದಿದೆ. ಸೂಕ್ಷ್ಮ ಉಜ್ಜಾಟದ ಕುಳಿಗಳನ್ನು ಹುಸಿ ಬ್ರಿನೆಲಿಂಗ್ ಎನ್ನುತ್ತಾರೆ. ಕಾರ್ಖಾನೆಯಿಂದ ದೂರದ ಊರುಗಳಿಗೆ ಸಾಗಿಸಿದ ಹೊಸ ಕಾರುಗಳ ಗಾಲಿ ಬೇರಿಂಗುಗಳು, ಒಮ್ಮೆಯೂ ಓಡಿಸುವ ಮೊದಲೇ, ಇದೇ ರೀತಿ ಹಾಳಾಗುವುದನ್ನು ಅಮೆರಿಕದ ಎಂಜಿನಿಯರ್ ಅಲ್ಮೆನ್ 1937ರಲ್ಲಿ ವಿವರಿಸಿದ್ದರು. ಸೈಕಲ್ಲಿನ ಹೆಡ್‌ಸೆಟ್‌ಗೂ ಇದೇ ವಿವರಣೆ ಸಲ್ಲುತ್ತದೆ, ದೋಷ ಹೊಡೆತದ್ದಲ್ಲ, ಗ್ರೀಸಿನ ಅಭಾವದ್ದು ಎಂದು ಎಂಜಿನಿಯರ್ ಹಾಗೂ ಲೇಖಕ ಜಾಬ್‌ಸ್ಟ್ ಬ್ರಾಂಟ್ ವಾದಿಸಿದರು. ಹೊಡೆತವೇ ಕಾರಣವೆಂದು ನಂಬಿದವರು ಹೆಡ್‌ಸೆಟ್ಟನ್ನು ಇನ್ನಷ್ಟು ಬಿಗಿ ಮಾಡುವುದುಂಟು; ಇದರಿಂದ ಗ್ರೀಸ್ ಮತ್ತಷ್ಟು ಹಿಂಡಿಹೋಗಿ ಸವೆತ ಹೆಚ್ಚುತ್ತದೆ.

ನೀರು ಮತ್ತು ಮಣ್ಣು ಸವೆತಕ್ಕೆ ಮತ್ತೊಂದು ಮುಖ್ಯ ಕಾರಣ. ಮುಂಗಾಲಿ ಎರಚುವ ಕೆಸರು ನೇರವಾಗಿ ಕೆಳಗಿನ ಬೇರಿಂಗಿಗೆ ಬಡಿಯುತ್ತದೆ. ಸವಾರನ ಮತ್ತು ಸೈಕಲ್ಲಿನ ಭಾರದಲ್ಲಿ ಮುಂಗಾಲಿಯ ಪಾಲು ಕೂಡ ಮುಖ್ಯವಾಗಿ ಅದರ ಮೇಲೆಯೇ ಬೀಳುತ್ತದೆ. ಹೀಗಾಗಿ ಕೆಳಗಿನ ಬೇರಿಂಗ್ ಮೇಲಿನದಕ್ಕಿಂತ ಬೇಗ ಹಾಳಾಗುತ್ತದೆ. ಅಧಿಕ ಒತ್ತಡದ ನೀರಿನಿಂದ ತೊಳೆಯುವುದು, ಸೈಕಲ್ಲನ್ನು ತಲೆಕೆಳಗಾಗಿಸಿ ಮಳೆಯಲ್ಲಿ ಬಿಡುವುದು, ಬೆವರು ಮತ್ತು ಕಡಲ ತೀರದ ಉಪ್ಪು ಗಾಳಿ ಇವೂ ತುಕ್ಕಿಗೆ ದಾರಿಯಾಗುತ್ತವೆ.

ದೋಷದ ಪತ್ತೆ

ಹೆಡ್‌ಸೆಟ್‌ನ ದೋಷಗಳನ್ನು ಸಡಿಲಿಕೆ, ಅತಿ ಬಿಗುವು ಮತ್ತು ಸವೆತ ಎಂದು ಮೂರಾಗಿ ವಿಂಗಡಿಸಬಹುದು. ಮೊದಲ ಎರಡು ಹೊಂದಿಕೆಯಿಂದ ಸರಿಹೋಗುತ್ತವೆ. ಮೂರನೆಯದಕ್ಕೆ ಬದಲಾವಣೆಯೇ ಪರಿಹಾರ. ಇವುಗಳನ್ನು ಬೇರ್ಪಡಿಸಿ ಗುರುತಿಸುವುದೇ ಪರೀಕ್ಷೆಯ ಉದ್ದೇಶ.

ಅಲುಗಾಟದ ಪರೀಕ್ಷೆ: ಎರಡೂ ಗಾಲಿಗಳನ್ನು ನೆಲಕ್ಕೂರಿಸಿ, ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಸೈಕಲ್ಲನ್ನು ಹಿಂದೆ ಮುಂದೆ ತಳ್ಳಲಾಗುತ್ತದೆ. ಇನ್ನೊಂದು ಕೈಯ ಬೆರಳುಗಳನ್ನು ಮೊದಲು ಮೇಲಿನ ಕಪ್ಪಿನ ಸಂದಿಯ ಸುತ್ತ, ಅನಂತರ ಕೆಳಗಿನ ಸಂದಿಯ ಸುತ್ತ ಇಡಬೇಕು. ಸಡಿಲಿಕೆಯಿದ್ದರೆ ಎರಡು ಭಾಗಗಳು ಒಂದರ ಮೇಲೊಂದು ಸರಿಯುವುದು ಬೆರಳಿಗೆ ತಿಳಿಯುತ್ತದೆ. ಬ್ರೇಕಿನ ಕೀಲು, ಹಬ್ಬಿನ ಬೇರಿಂಗ್ ಮತ್ತು ಆಘಾತ ತಡೆಯುವ ಫೋರ್ಕಿನ ಒಳಗಿನ ಬುಷ್ ಕೂಡ ಇದೇ ರೀತಿ ಕಟಕಟ ಸದ್ದು ಮಾಡುವುದರಿಂದ, ಸದ್ದನ್ನಷ್ಟೇ ನಂಬಿ ತೀರ್ಮಾನಿಸುವಂತಿಲ್ಲ. ಹ್ಯಾಂಡಲನ್ನು 90 ಡಿಗ್ರಿ ತಿರುಗಿಸಿ ಸೈಕಲ್ಲನ್ನು ಮತ್ತೆ ಹಿಂದೆ ಮುಂದೆ ತಳ್ಳಿದಾಗಲೂ ಸಂದಿಯಲ್ಲಿ ಚಲನೆ ಉಳಿದರೆ ಹೆಡ್‌ಸೆಟ್ಟೇ ಸಡಿಲವೆಂಬುದು ಖಚಿತವಾಗುತ್ತದೆ.

ಬೀಳಿಸುವ ಪರೀಕ್ಷೆ: ಮುಂಗಾಲಿಯನ್ನು ನಾಲ್ಕೈದು ಬೆರಳಿನಷ್ಟು ಎತ್ತಿ ನೆಲಕ್ಕೆ ಬಿಟ್ಟಾಗ ಹೆಡ್ ಟ್ಯೂಬಿನ ಬಳಿ ಟಕ್ಕೆಂಬ ಒಣ ಸದ್ದು ಬಂದರೆ ಅದು ಸಡಿಲಿಕೆಯ ಸೂಚನೆ.

ತಿರುವಿನ ಪರೀಕ್ಷೆ: ಚೌಕಟ್ಟನ್ನು ಹಿಡಿದು ಮುಂಗಾಲಿಯನ್ನು ಮೇಲೆತ್ತಿ, ಸೈಕಲ್ಲನ್ನು ಕೊಂಚ ವಾಲಿಸಿದರೆ ಗಾಲಿ ತಾನಾಗಿಯೇ ವಾಲಿದ ಕಡೆಗೆ ತಿರುಗಬೇಕು. ತಿರುಗದೆ ನಿಂತರೆ ಬೇರಿಂಗ್ ಅತಿ ಬಿಗಿಯಾಗಿದೆ ಅಥವಾ ಹಾಳಾಗಿದೆ. ಬ್ರೇಕ್ ಮತ್ತು ಗೇರಿನ ಕೇಬಲ್ಲುಗಳು ಅಡ್ಡಿಪಡಿಸುತ್ತಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ನಂತರ ಹ್ಯಾಂಡಲನ್ನು ಎರಡು ಬೆರಳಿನಿಂದ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯಬೇಕು. ಮರಳು ಅರೆದಂತಹ ಒರಟುತನ ಕೊಳೆ ಅಥವಾ ತುಕ್ಕನ್ನು ಸೂಚಿಸುತ್ತದೆ. ನೇರವಾದ ಸ್ಥಾನದಲ್ಲಿ ಹ್ಯಾಂಡಲ್ ತೊಟ್ಟಿಲಿಗೆ ಬಿದ್ದಂತೆ ಕಚ್ಚಿ ನಿಂತರೆ ರೇಸಿನಲ್ಲಿ ಕುಳಿಗಳಾಗಿವೆ ಎಂದರ್ಥ.

ಹೊಂದಿಕೆಯ ಪರೀಕ್ಷೆ: ಸವೆತವನ್ನು ಸಡಿಲಿಕೆಯಿಂದ ಬೇರ್ಪಡಿಸುವ ನಿರ್ಣಾಯಕ ಪರೀಕ್ಷೆ ಇದು. ಕುಳಿ ಬಿದ್ದ ಹೆಡ್‌ಸೆಟ್ಟನ್ನು ನೇರ ಸ್ಥಾನದಲ್ಲಿ ಅಲುಗಾಟವಿಲ್ಲದಂತೆ ಬಿಗಿ ಮಾಡಿದರೆ, ಹ್ಯಾಂಡಲ್ ತಿರುಗಿಸುತ್ತಿದ್ದಂತೆ ಗುಂಡುಗಳು ಕುಳಿಯಿಂದ ಮೇಲೇರಿ ಬಿಗುವು ಹೆಚ್ಚುತ್ತದೆ. ತಿರುಗಿಸಿದ ಸ್ಥಾನದಲ್ಲಿ ಹದಗೊಳಿಸಿದರೆ ನೇರ ಸ್ಥಾನದಲ್ಲಿ ಅಲುಗಾಟ ಮರಳುತ್ತದೆ. ಎಲ್ಲ ಸ್ಥಾನಗಳಲ್ಲೂ ಒಂದೇ ಹದ ದೊರೆಯದಿದ್ದರೆ ಬೇರಿಂಗ್ ಬದಲಿಸಬೇಕು. ಹೊಸ ಬೇರಿಂಗಿನಲ್ಲೂ ಇಂತಹ ಲಕ್ಷಣ ಕಂಡರೆ ಹೆಡ್ ಟ್ಯೂಬಿನ ಎರಡು ಅಂಚುಗಳು ಸಮಾನಾಂತರವಾಗಿಲ್ಲದಿರುವ, ಕಪ್ ಓರೆಯಾಗಿ ಕೂತಿರುವ ಅಥವಾ ಸ್ಟೀರರ್ ಬಾಗಿರುವ ಸಾಧ್ಯತೆಯಿದೆ.

ಸವಾರಿಯ ವೇಳೆಯಲ್ಲೂ ಕೆಲವು ಲಕ್ಷಣಗಳು ಕಾಣಿಸುತ್ತವೆ. ಬ್ರೇಕ್ ಹಿಡಿದಾಗ ಮುಂಭಾಗ ನಡುಗುವುದು, ಕೈಬಿಟ್ಟು ಓಡಿಸಲು ಆಗದಿರುವುದು, ಸೈಕಲ್ ಅಂಕುಡೊಂಕಾಗಿ ಸಾಗುತ್ತಿದೆ ಎಂಬ ಭಾವನೆ ಇವುಗಳಲ್ಲಿ ಮುಖ್ಯ. ಕುಳಿಯಲ್ಲಿ ಕಚ್ಚಿನಿಂತ ಹ್ಯಾಂಡಲನ್ನು ಸರಿಸಲು ಹೆಚ್ಚು ಬಲ ಬೇಕು. ಕುಳಿಯಿಂದ ಹೊರಬಂದ ಕೂಡಲೆ ಅದೇ ಬಲ ಅತಿಯಾಗಿ, ತಿರುವು ಬೇಕಾದುದಕ್ಕಿಂತ ಹೆಚ್ಚಾಗುತ್ತದೆ. ಈ ದೋಷ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವುದರಿಂದ ಸವಾರನು ಅದಕ್ಕೆ ಒಗ್ಗಿಹೋಗಿರುತ್ತಾನೆ. ಬೇರೆಯವರು ಅದೇ ಸೈಕಲ್ಲನ್ನು ಓಡಿಸಿದಾಗ ತಕ್ಷಣ ಗೊತ್ತಾಗುತ್ತದೆ.

ಬಿಚ್ಚುವ ಕ್ರಮ

ಮರೆಯುಳ್ಳ ಬಗೆ

ಮೊದಲು ಮುಂಗಾಲಿಯನ್ನು ಮತ್ತು ಬ್ರೇಕಿನ ಸಂಪರ್ಕವನ್ನು ತೆಗೆಯಲಾಗುತ್ತದೆ. ಸ್ಟೆಮ್ ಸ್ಟೀರರಿನ ಒಳಗೆ ಇಳಿದು ಬೆಣೆಯಿಂದ ಹಿಡಿದಿರುತ್ತದೆ. ಅದರ ಮೇಲಿನ ಬೋಲ್ಟನ್ನು ಕೆಲವು ಸುತ್ತು ಸಡಿಲಿಸಿ, ಬೋಲ್ಟಿನ ತಲೆಗೆ ಮರದ ಅಥವಾ ರಬ್ಬರಿನ ಸುತ್ತಿಗೆಯಿಂದ ಹೊಡೆದರೆ ಬೆಣೆ ಬಿಡುತ್ತದೆ. ಅನಂತರ ಲಾಕ್‌ನಟ್ಟನ್ನು ತೆಗೆಯಬೇಕು. ಇದಕ್ಕೆ 1 ಅಂಗುಲದ ಹೆಡ್‌ಸೆಟ್‌ನಲ್ಲಿ ಬಹುತೇಕ 32 ಮಿ.ಮೀ., 1⅛ ಅಂಗುಲದಲ್ಲಿ 36 ಮಿ.ಮೀ. ಅಳತೆಯ ತೆಳು ಸ್ಪ್ಯಾನರ್ ಬೇಕಾಗುತ್ತದೆ. ಫೋರ್ಕನ್ನು ಕೈಯಲ್ಲಿ ಆಧರಿಸಿ ಮೇಲಿನ ರೇಸನ್ನು ಬಿಚ್ಚಿ, ಫೋರ್ಕನ್ನು ಕೆಳಗಿಳಿಸಲಾಗುತ್ತದೆ. ಬಿಡಿ ಗುಂಡುಗಳು ಉದುರುವುದರಿಂದ ಕೆಳಗೆ ಬಟ್ಟೆ ಅಥವಾ ತಟ್ಟೆ ಹಿಡಿದಿರಬೇಕು. ಮೇಲಿನ ಮತ್ತು ಕೆಳಗಿನ ಗುಂಡುಗಳನ್ನು ಬೇರೆ ಬೇರೆಯಾಗಿ ಎಣಿಸಿ ಇಡುವುದು ಒಳಿತು.

ಮರೆಯಿಲ್ಲದ ಬಗೆ

ಮೇಲಿನ ಮುಚ್ಚಳದ ಬೋಲ್ಟ್ ತೆಗೆದು, ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಫೋರ್ಕನ್ನು ಆಧರಿಸುತ್ತಾ ಸ್ಟೆಮ್ಮನ್ನು ಮೇಲಕ್ಕೆಳೆಯಲಾಗುತ್ತದೆ. ಒತ್ತುಬಳೆ ಸ್ಟೀರರಿಗೆ ಅಂಟಿಕೊಂಡಿದ್ದರೆ ಸ್ಟೀರರಿನ ತುದಿಗೆ ಮೃದುವಾದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಬಳೆಗಳು ಮತ್ತು ಮುಚ್ಚಳಗಳು ಹೊರಬಂದ ಅನುಕ್ರಮದಲ್ಲಿಯೇ ಜೋಡಿಸಿಟ್ಟರೆ ಮರಳಿ ಹಾಕುವಾಗ ತಪ್ಪುವುದಿಲ್ಲ. ಇತ್ತೀಚಿನ ಕೆಲವು ಸೈಕಲ್ಲುಗಳಲ್ಲಿ ಬ್ರೇಕಿನ ದ್ರವನಾಳಗಳು ಮೇಲಿನ ಬೇರಿಂಗಿನ ಮೂಲಕವೇ ಹಾದುಹೋಗುತ್ತವೆ. ಅಂತಹವುಗಳಲ್ಲಿ ಒಂದು ಬೇರಿಂಗ್ ಬದಲಿಸಲು ನಾಳಗಳನ್ನು ಕಳಚಿ, ಕೊನೆಯಲ್ಲಿ ಬ್ರೇಕಿನ ಗಾಳಿ ತೆಗೆಯಬೇಕಾಗುವುದರಿಂದ ಶ್ರಮವೂ ವೆಚ್ಚವೂ ಬಹಳವಾಗಿ ಹೆಚ್ಚುತ್ತವೆ.

ಪರಿಶೀಲನೆ ಮತ್ತು ನಿರ್ಧಾರ

ಭಾಗಗಳನ್ನು ಸೀಮೆಎಣ್ಣೆ ಅಥವಾ ಗ್ರೀಸ್ ಕರಗಿಸುವ ದ್ರವದಲ್ಲಿ ತೊಳೆದು ಒಣಗಿಸಿದ ನಂತರವೇ ನಿಜವಾದ ಸ್ಥಿತಿ ತಿಳಿಯುತ್ತದೆ. ಕಪ್ ಮತ್ತು ರೇಸಿನ ಮೇಲೆ ಗುಂಡು ಉರುಳಿದ ದಾರಿ ಹೊಳಪಾದ ಏಕರೂಪದ ಪಟ್ಟಿಯಾಗಿದ್ದರೆ ಅದು ಸಹಜ. ಅದರ ಮೇಲೆ ಬಾಲ್‌ಪೆನ್ನಿನ ತುದಿಯನ್ನು ಎಳೆದಾಗ ಎಡವಿದಂತಾದರೆ ಕುಳಿ ಬಿದ್ದಿದೆ. ಕುಳಿ ಬಿದ್ದ ರೇಸನ್ನು ಉಜ್ಜಿ ಸರಿಪಡಿಸಲಾಗುವುದಿಲ್ಲ, ಏಕೆಂದರೆ ಗಡಸು ಮಾಡಿದ ಮೇಲ್ಪದರ ತೆಳುವಾಗಿರುತ್ತದೆ. ಗುಂಡುಗಳು ಮಂಕಾಗಿದ್ದರೆ ಅಥವಾ ಚುಕ್ಕೆ ಬಿದ್ದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯ ಗುಂಡುಗಳ ನಡುವೆ ಸೇರಿಸಿದ ಹೊಸದು ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಇಡೀ ಭಾರ ಅದರ ಮೇಲೆ ಬೀಳುತ್ತದೆ. ಗುಂಡಿನ ವ್ಯಾಸ ಅನೇಕ ಹೆಡ್‌ಸೆಟ್‌ಗಳಲ್ಲಿ 5/32 ಅಂಗುಲ, ಅಂದರೆ 3.97 ಮಿ.ಮೀ.; ಕೆಲವುಗಳಲ್ಲಿ 3/16 ಅಂಗುಲ. ಅಳೆದು ನೋಡದೆ ಕೊಳ್ಳಬಾರದು.

ಹೊಸ ಹೆಡ್‌ಸೆಟ್ ಕೂಡಲೆ ದೊರೆಯದಿದ್ದಾಗ ಮೆಕ್ಯಾನಿಕ್‌ಗಳು ಒಂದು ತಾತ್ಕಾಲಿಕ ಉಪಾಯವನ್ನು ಬಳಸುತ್ತಾರೆ. ಪಂಜರದ ಗುಂಡುಗಳನ್ನು ತೆಗೆದು ಅದೇ ವ್ಯಾಸದ ಬಿಡಿ ಗುಂಡುಗಳನ್ನು ತುಂಬಿದರೆ ಒಂದೆರಡು ಗುಂಡುಗಳು ಹೆಚ್ಚಾಗಿ ಹಿಡಿಯುತ್ತವೆ. ಗುಂಡುಗಳ ನಡುವಿನ ಅಂತರ ಬದಲಾಗುವುದರಿಂದ ಅವೆಲ್ಲ ಏಕಕಾಲಕ್ಕೆ ಹಳೆಯ ಕುಳಿಗಳಿಗೆ ಬೀಳುವುದಿಲ್ಲ, ಹ್ಯಾಂಡಲ್ ಕಚ್ಚುವುದು ಕಡಿಮೆಯಾಗುತ್ತದೆ.

ಕಾರ್ಟ್ರಿಜ್ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ಸುತ್ತಿಸಿದಾಗ ಒರಟಾಗಿದ್ದರೆ ಅಥವಾ ಒಳಬಳೆ ಅಲುಗಾಡಿದರೆ ಬದಲಿಸಬೇಕು. ಅದರ ಅಂಚಿನಲ್ಲಿ ವ್ಯಾಸಗಳೊಡನೆ 36×45 ಅಥವಾ 45×45 ಎಂಬ ಗುರುತು ಇರುತ್ತದೆ. ಮೊದಲ ಸಂಖ್ಯೆ ಒಳಬಳೆಯ ಓರೆಯ ಕೋನ, ಎರಡನೆಯದು ಹೊರಬಳೆಯದು. ವ್ಯಾಸ ಸರಿಯಿದ್ದು ಕೋನ ತಪ್ಪಿದ ಬೇರಿಂಗ್ ಕೈಯಲ್ಲಿ ಸರಿಯಾಗಿ ಕೂತಂತೆ ಕಂಡರೂ ಅಂಚಿನ ಮೇಲಷ್ಟೇ ಭಾರ ಹೊತ್ತು ಬೇಗ ಕೆಡುತ್ತದೆ, ಆಸನವನ್ನೂ ಕೆಡಿಸುತ್ತದೆ.

ಬದಲಾಯಿಸುವ ಕ್ರಮ

ಕಪ್ಪುಗಳನ್ನು ತೆಗೆಯಲು, ಒಂದು ತುದಿಯಲ್ಲಿ ಹೂವಿನಂತೆ ಅರಳಿದ ಉಕ್ಕಿನ ಕೊಳವೆಯಂತಹ ಉಪಕರಣವಿದೆ. ಅದನ್ನು ಹೆಡ್ ಟ್ಯೂಬಿನೊಳಗೆ ಎಳೆದಾಗ ಎಸಳುಗಳು ಕಪ್ಪಿನ ಒಳ ಅಂಚಿಗೆ ಬಿಚ್ಚಿಕೊಳ್ಳುತ್ತವೆ; ಹಿಂಬದಿಯಿಂದ ಸುತ್ತಿಗೆಯಿಂದ ಹೊಡೆದರೆ ಕಪ್ ನೇರವಾಗಿ ಹೊರಬರುತ್ತದೆ. ಅದಿಲ್ಲದಿದ್ದಲ್ಲಿ ಉದ್ದನೆಯ ಚಪ್ಪಟೆ ತುದಿಯ ಸಲಾಕೆಯಿಂದ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಹೊಡೆಯಲಾಗುತ್ತದೆ. ಒಂದೇ ಬದಿಗೆ ಹೊಡೆದರೆ ಕಪ್ ಓರೆಯಾಗಿ ಸಿಕ್ಕಿಕೊಂಡು ಹೆಡ್ ಟ್ಯೂಬ್ ಅಂಡಾಕಾರವಾಗುವ ಅಪಾಯವಿದೆ. ಕ್ರೌನ್ ರೇಸನ್ನು ಕೂಡ ಹೀಗೆಯೇ ಸುತ್ತಲೂ ಸಮನಾಗಿ ಎಬ್ಬಿಸಬೇಕು. ಸೀಳಿರುವ ಕ್ರೌನ್ ರೇಸುಗಳು ಕೈಯಿಂದಲೇ ಬರುತ್ತವೆ. ಕಾರ್ಬನ್ ಚೌಕಟ್ಟು ಮತ್ತು ಫೋರ್ಕುಗಳ ಮೇಲೆ ಸಲಾಕೆಯ ಪ್ರಯೋಗ ಸಲ್ಲದು.

ಹೊಸ ಕಪ್ಪಿನ ಹೊರವ್ಯಾಸ ಹೆಡ್ ಟ್ಯೂಬಿನ ಒಳವ್ಯಾಸಕ್ಕಿಂತ ಮಿಲಿಮೀಟರಿನ ಹತ್ತನೆಯ ಒಂದರಷ್ಟು ಅಥವಾ ತುಸು ಹೆಚ್ಚು ಇರುತ್ತದೆ. ಈ ಬಿಗಿತವೇ ಕಪ್ಪನ್ನು ಹಿಡಿದಿಡುತ್ತದೆ. ಲೋಹದ ಚೌಕಟ್ಟಿನಲ್ಲಿ ಒಳಮೈಯನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಒತ್ತುಯಂತ್ರದಿಂದ ಒಮ್ಮೆಗೆ ಒಂದು ಕಪ್ಪನ್ನು ಕೂರಿಸಲಾಗುತ್ತದೆ. ಮರೆಯುಳ್ಳ ಉದ್ದನೆಯ ಸರಳು, ದಪ್ಪ ವಾಷರುಗಳು ಮತ್ತು ಎರಡು ನಟ್ಟುಗಳಿಂದ ಇದೇ ಕೆಲಸವನ್ನು ಮನೆಯಲ್ಲೂ ಮಾಡಬಹುದು. ಬಲ ಕಪ್ಪಿನ ಅಂಚಿನ ಮೇಲೆ ಬೀಳಬೇಕೇ ಹೊರತು ಬೇರಿಂಗಿನ ಒಳಬಳೆಯ ಮೇಲಲ್ಲ. ಕಪ್ಪಿನ ಅಂಚು ಮತ್ತು ಹೆಡ್ ಟ್ಯೂಬಿನ ನಡುವೆ ಸುತ್ತಲೂ ಬೆಳಕಿನ ಗೆರೆ ಕಾಣದಿದ್ದರೆ ಕಪ್ ಪೂರ್ತಿ ಕೂತಿದೆ. ಕ್ರೌನ್ ರೇಸನ್ನು ಸ್ಟೀರರಿನ ಮೇಲೆ ಸರಿಹೊಂದುವ ಕೊಳವೆಯಿಂದ ಹೊಡೆದು ಇಳಿಸಲಾಗುತ್ತದೆ; ಪೂರ್ತಿ ಕೂತಾಗ ಹೊಡೆತದ ಸದ್ದು ಮೊಂಡಾಗಿದ್ದುದು ಗಟ್ಟಿಯಾಗುತ್ತದೆ.

ಬಿಡಿ ಗುಂಡುಗಳನ್ನು ಹಾಕುವಾಗ ಕಪ್ಪಿಗೆ ಧಾರಾಳವಾಗಿ ಗ್ರೀಸ್ ತುಂಬಿ, ಗುಂಡುಗಳನ್ನು ಸುತ್ತಲೂ ಜೋಡಿಸಿ, ಸ್ವಲ್ಪ ಜಾಗ ಉಳಿಯುವಂತೆ ಬಿಡಬೇಕು. ಒತ್ತೊತ್ತಾಗಿ ತುರುಕಿದರೆ ಒಂದು ಗುಂಡು ಉಳಿದವುಗಳ ಮೇಲೇರಿ ರೇಸನ್ನು ಕೆಡಿಸುತ್ತದೆ. ಪಂಜರದ ಬೇರಿಂಗನ್ನು ತಲೆಕೆಳಗಾಗಿ ಹಾಕುವುದು ಹೊಸಬರ ಸಾಮಾನ್ಯ ತಪ್ಪು. ಸರಿಯಾಗಿ ಕೂತಾಗ ಗುಂಡುಗಳು ಮಾತ್ರ ಎರಡೂ ಮೈಗಳಿಗೆ ತಾಗುತ್ತವೆ, ತಗಡು ಎಲ್ಲಿಯೂ ಉಜ್ಜುವುದಿಲ್ಲ. ಕಾರ್ಟ್ರಿಜ್ ಬೇರಿಂಗಿನ ಹೊರಮೈಗೂ ಗ್ರೀಸ್ ಸವರುವುದರಿಂದ ತುಕ್ಕು ಮತ್ತು ಕಿರುಗುಟ್ಟುವ ಸದ್ದು ತಪ್ಪುತ್ತವೆ.

ಹದಗೊಳಿಸುವಿಕೆ

ಮರೆಯುಳ್ಳ ಬಗೆಯಲ್ಲಿ ಮೇಲಿನ ರೇಸನ್ನು ಕೈಯಿಂದ ತಿರುಗಿಸಿ ಗುಂಡುಗಳಿಗೆ ತಾಗುವವರೆಗೆ ಇಳಿಸಿ, ವಾಷರ್ ಹಾಕಿ, ರೇಸನ್ನು ಒಂದು ಸ್ಪ್ಯಾನರಿನಿಂದ ಹಿಡಿದು ಲಾಕ್‌ನಟ್ಟನ್ನು ಇನ್ನೊಂದರಿಂದ ಬಿಗಿಯಬೇಕು. ಲಾಕ್‌ನಟ್ ಬಿಗಿಯುವಾಗ ಮರೆಯ ಸಂದು ಮುಚ್ಚಿ ಹದ ಬದಲಾಗುವುದರಿಂದ ಎರಡು ಮೂರು ಬಾರಿ ತಿದ್ದಬೇಕಾಗುವುದು ಸಾಮಾನ್ಯ. ಸ್ಟೆಮ್ಮನ್ನು ಮರಳಿ ಹಾಕುವಾಗ ಅದರ ಮೇಲೆ ಕೆತ್ತಿರುವ ಕನಿಷ್ಠ ಆಳದ ಗೆರೆ ಸ್ಟೀರರಿನ ಒಳಗೇ ಇರಬೇಕು.

ಮರೆಯಿಲ್ಲದ ಬಗೆಯಲ್ಲಿ ಎರಡು ಬೋಲ್ಟುಗಳ ಕೆಲಸ ಬೇರೆ ಬೇರೆ ಎಂಬುದನ್ನು ತಿಳಿಯದಿರುವುದೇ ಹೆಚ್ಚಿನ ತಪ್ಪುಗಳಿಗೆ ಮೂಲ. ಮೇಲಿನ ಮುಚ್ಚಳದ ಬೋಲ್ಟ್ ಬೇರಿಂಗುಗಳ ಹದವನ್ನು ನಿಗದಿಪಡಿಸುತ್ತದೆಯಷ್ಟೆ. ಹ್ಯಾಂಡಲನ್ನು ಫೋರ್ಕಿಗೆ ಹಿಡಿದಿಡುವುದು ಸ್ಟೆಮ್ಮಿನ ಪಕ್ಕದ ಬೋಲ್ಟುಗಳು. ಸರಿಯಾದ ಅನುಕ್ರಮ ಹೀಗಿದೆ:

1. ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಸಡಿಲವಾಗಿ ಬಿಡುವುದು.
2. ಮೇಲಿನ ಮುಚ್ಚಳವನ್ನು ಅಲುಗಾಟ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುವುದು.
3. ಹ್ಯಾಂಡಲ್ ಸರಾಗವಾಗಿ ತಿರುಗುವುದನ್ನೂ ಬ್ರೇಕ್ ಹಿಡಿದಾಗ ಅಲುಗಾಟವಿಲ್ಲದಿರುವುದನ್ನೂ ಖಚಿತಪಡಿಸಿಕೊಳ್ಳುವುದು.
4. ಸ್ಟೆಮ್ಮನ್ನು ಗಾಲಿಯ ನೇರಕ್ಕೆ ತಂದು ಪಕ್ಕದ ಬೋಲ್ಟುಗಳನ್ನು ಸರದಿಯಂತೆ, ಸ್ಟೆಮ್ಮಿನ ಮೇಲೆ ಅಚ್ಚಾಗಿರುವ ಮಿತಿಯವರೆಗೆ ಬಿಗಿಯುವುದು. ಅನೇಕ ಸ್ಟೆಮ್ಮುಗಳಲ್ಲಿ ಇದು 5ರಿಂದ 6 ನ್ಯೂಟನ್ ಮೀಟರ್.

ಪಕ್ಕದ ಬೋಲ್ಟುಗಳು ಬಿಗಿಯಾಗಿರುವಾಗಲೇ ಮುಚ್ಚಳವನ್ನು ತಿರುಗಿಸಿದರೆ ಹದ ಬದಲಾಗುವುದಿಲ್ಲ. ಬಲ ಹೆಚ್ಚಿದಂತೆ ಸ್ಟೀರರಿನೊಳಗಿನ ನಕ್ಷತ್ರಾಕಾರದ ನಟ್ ಕಿತ್ತುಬರುತ್ತದೆ. ಸ್ಟೀರರಿನ ತುದಿ ಸ್ಟೆಮ್ಮಿನ ಅಥವಾ ಮೇಲಿನ ಬಳೆಯ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು. ತುದಿ ಮುಚ್ಚಳಕ್ಕೆ ತಾಗಿದರೆ ಎಷ್ಟು ಬಿಗಿದರೂ ಅಲುಗಾಟ ಹೋಗುವುದಿಲ್ಲ. ಒಂದು ಬಳೆ ಸೇರಿಸುವುದೇ ಪರಿಹಾರ. ಕಾರ್ಬನ್ ಸ್ಟೀರರಿನೊಳಗೆ ನಕ್ಷತ್ರಾಕಾರದ ನಟ್ ಹೊಡೆಯುವಂತಿಲ್ಲ, ಏಕೆಂದರೆ ಅದರ ಹಲ್ಲುಗಳು ಎಳೆಗಳನ್ನು ಕತ್ತರಿಸುತ್ತವೆ. ಅಲ್ಲಿ ಒಳಗೆ ಹಿಗ್ಗಿ ಹಿಡಿಯುವ ಬೆಣೆಯನ್ನು ಬಳಸಲಾಗುತ್ತದೆ. ಒತ್ತುಬಳೆಯ ವಿನ್ಯಾಸ ಮತ್ತು ಜೋಡಣೆಯೂ ಮಹತ್ವದ್ದು. 2021ರಲ್ಲಿ ಒಂದು ಪ್ರಸಿದ್ಧ ರಸ್ತೆ ಸೈಕಲ್ ಮಾದರಿಯನ್ನು, ಒತ್ತುಬಳೆಯಿಂದ ಕಾರ್ಬನ್ ಸ್ಟೀರರ್ ಬಿರುಕು ಬಿಡಬಹುದೆಂಬ ಕಾರಣಕ್ಕೆ, ತಯಾರಕರೇ ಹಿಂದಕ್ಕೆ ಕರೆಸಿ ಆ ಭಾಗವನ್ನು ಬದಲಿಸಿದ್ದರು. ಸ್ಟೀರರಿನ ಮೇಲೆ ಗೀರು, ತಗ್ಗು ಅಥವಾ ಬಿರುಕು ಕಂಡುಬಂದ ಫೋರ್ಕನ್ನು ಬಳಸಬಾರದು. ಓಡುತ್ತಿರುವಾಗ ಸ್ಟೀರರ್ ಮುರಿದರೆ ಸವಾರನಿಗೆ ಸಾವರಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ.

ಪಾಲನೆ

ಹೊಸದಾಗಿ ಕೂರಿಸಿದ ಹೆಡ್‌ಸೆಟ್‌ನ ಭಾಗಗಳು ಮೊದಲ ಕೆಲವು ಸವಾರಿಗಳಲ್ಲಿ ತಮ್ಮ ಆಸನಗಳಲ್ಲಿ ನೆಲೆಗೊಳ್ಳುವುದರಿಂದ ಸಣ್ಣ ಸಡಿಲಿಕೆ ಕಾಣಿಸಿಕೊಳ್ಳಬಹುದು. ಆಗ ಒಮ್ಮೆ ಹದ ಮಾಡಿದರೆ ಸಾಮಾನ್ಯವಾಗಿ ಬಹುಕಾಲ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ತೊಳೆದು ಗ್ರೀಸ್ ಬದಲಿಸುವುದು ಬಿಡಿ ಗುಂಡುಗಳ ಹೆಡ್‌ಸೆಟ್‌ಗೆ ಉತ್ತಮ ಪದ್ಧತಿ. ಹಿಂಡಿಹೋದ ಗ್ರೀಸ್ ಮತ್ತೆ ತುಂಬಿದಾಗ ಹುಸಿ ಬ್ರಿನೆಲಿಂಗ್ ಕೂಡ ತಡವಾಗುತ್ತದೆ. ಮುಂಗಾಲಿಗೆ ಮಡ್‌ಗಾರ್ಡ್ ಇರುವುದು, ಹಾಗೂ ಕೆಳಗಿನ ಕಪ್ಪಿನ ಸುತ್ತ ಹಳೆಯ ಟ್ಯೂಬಿನ ತುಂಡೊಂದನ್ನು ತೊಡಿಸುವುದು ಕೆಳಗಿನ ಬೇರಿಂಗನ್ನು ಕೆಸರಿನಿಂದ ಕಾಪಾಡುವ ಅಗ್ಗದ ಕ್ರಮಗಳು. ಸೈಕಲ್ಲನ್ನು ಕಾರಿನ ಮೇಲೆ ಅಥವಾ ಲಾರಿಯಲ್ಲಿ ದೂರ ಸಾಗಿಸಿದ ಬಳಿಕ ಮತ್ತು ಬಿದ್ದ ಬಳಿಕ ಅಲುಗಾಟದ ಹಾಗೂ ತಿರುವಿನ ಪರೀಕ್ಷೆಗಳನ್ನು ಮಾಡುವುದು ಸೂಕ್ತ. ಎರಡಕ್ಕೂ ಸೇರಿ ಒಂದು ನಿಮಿಷ ಸಾಕು, ಯಾವ ಉಪಕರಣವೂ ಬೇಕಾಗುವುದಿಲ್ಲ.